ಗಿರಣಿಯವನ ಹೆಂಡತಿ ಇತಿಹಾಸ ಓದಿದ್ದು

ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಜತ್ತದಲ್ಲಿ, ಒಂದು ಕಾಲೇಜಿನ ಕಿಟಕಿಯ ಹೊರಗಿನಿಂದ. ರವಿವಾರದ ಕ್ಲಾಸು. ಬೇವಿನ ಗಿಡದ ನೆರಳಿಗೆ ಮೋಟಾರ್ ಸೈಕಲ್ ಹಚ್ಚಿ ಅದರ ಮೇಲೆ ಅಡ್ಡ ಕೂತಿದ್ದೆ. ಒಳಗೆ ಸರ್ ಮರಾಠಿಯಲ್ಲಿ ಏನೋ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ಇವಳೂ ನಕ್ಕಳು, ತಲೆ ಹಿಂದಕ್ಕೆ ಹಾಕಿ, ಹಲ್ಲು ಕಾಣುವಂತೆ. ಮಗಳು ಸಾಲಿಯಲ್ಲಿ ಒಂಬತ್ತನೇತ್ತೆಗೆ ಬಂದಿದ್ದಳು ಆಗ. ಮದುವೆಯಾದ ಇಷ್ಟು ವರ್ಷದಲ್ಲಿ ನನ್ನ ಯಾವ ಚೇಷ್ಟೆಗೂ ಇವಳು ಹೀಗೆ ನಕ್ಕವಳಲ್ಲ. ನಾನೇನು ಚೇಷ್ಟೆ ಬಾರದವನಲ್ಲ. ಹಿಟ್ಟು ಬೀಸಿಯಾದ ಮೇಲೂ ನನ್ನ ಮಾತು ಕೇಳಲಿಕ್ಕೆಂದೇ ಗಿರಣಿಯಲ್ಲಿ ಕೂಡುವ ಮಂದಿ ಇದ್ದಾರೆ.

ಆ ದಿನ ಹೊಟ್ಟೆಯೊಳಗೆ ಹತ್ತಿದ ಉರಿ ಅವಳ ಎಂ.ಎ. ಮುಗಿಯುವ ತನಕ ಆರಲಿಲ್ಲ. ಈಗಲೂ ಪೂರ್ತಿ ಆರಿದೆ ಎಂದು ಹೇಳಲಾರೆ.

ನನ್ನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಗಡಿಯ ಈಚೆ, ಮಹಾರಾಷ್ಟ್ರದ ಸಂಖದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ, ಸಜ್ಜೆ ಬೀಸುವ ಕಲ್ಲು ಒಂದು ಕಡೆ, ಖಾರ ಕುಟ್ಟುವ ಯಂತ್ರ ಇನ್ನೊಂದು ಕಡೆ, ಬೇಸಿಗೆಯಲ್ಲಿ ಶಾವಿಗೆ. ಗಿರಣಿಯ ಹಿಂದಿನ ಗೋಡೆಯೇ ನಮ್ಮ ಅಡುಗೆಮನೆಯ ಗೋಡೆ. ಇದನ್ನು ನನಗೆ ಯಾರೂ ಕೊಟ್ಟಿದ್ದಲ್ಲ. ನಮ್ಮ ಮೂಲ ಊರು ಸನಮಡಿ. ಅಲ್ಲಿ ಇನ್ನೊಬ್ಬರ ಗಿರಣಿಯ ನೆಲ ಗುಡಿಸುತ್ತ ಶುರುಮಾಡಿ, ಕಲ್ಲಿಗೆ ಉಳಿಯ ಪೆಟ್ಟು ಹಾಕುವುದು, ಬೆಲ್ಟು ಹೊಲಿಯುವುದು, ಬೇರಿಂಗ್ ಬದಲಿಸುವುದು ಎಲ್ಲ ಕಲಿತು, ಆಮೇಲೆ ಅವ್ವನನ್ನು ಕರೆದುಕೊಂಡು ಸಂಖಕ್ಕೆ ಬಂದು ಸ್ವಂತದ್ದು ಹಾಕಿದೆ. ಓದಿದ್ದು ಎಂಟನೇತ್ತೆ, ಅದೂ ಅರ್ಧ. ಸಾಲಿ ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಸಿದ್ಧವಾದ ಮಾತೊಂದಿತ್ತು: “ಮಾಸ್ತರ ಕೋಲು ಎತ್ತಿದ, ನಾ ಪಾಟಿಚೀಲ ಎತ್ತಿದೆ.” ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಾನಾಗಿಯೇ ಎದ್ದು ಬಂದವನು, ಯಾರೂ ನನ್ನನ್ನು ಹೊರಗೆ ಹಾಕಿದ್ದಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ನನ್ನ ಎದೆ ಸೆಟೆದು ನಿಂತದ್ದು ಆ ಮಾತಿನ ಮೇಲೆ.

ಹೆಂಡತಿ ನನ್ನ ಸೋದರಮಾವನ ಮಗಳು, ಗಡಿಯಾಚೆ ಇಂಡಿ ಕಡೆಯವಳು. ಅವಳು ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿಕೊಂಡಿದ್ದರು. ಆಮೇಲೆ ಅವಳು ಓದುತ್ತ ಓದುತ್ತ ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿದಳು, ಕೆಮಿಸ್ಟ್ರಿ. ಆಗ ಮಾವನಿಗೆ ಸ್ವಲ್ಪ ಚಿಂತೆ ಹತ್ತಿತಂತೆ. ಹುಡುಗಿ ಡಿಗ್ರಿ ಮಾಡ್ಯಾಳ, ಹುಡುಗ ಅರ್ಧ ಎಂಟನೇತ್ತ, ಹ್ಯಾಂಗ ಮಾಡೂದು ಎಂದು ಅಕ್ಕನ ಮುಂದೆ ಬಾಯಿ ಬಿಟ್ಟರಂತೆ. ನಮ್ಮವ್ವ, ಡಿಗ್ರಿ ಮಾಡಿದವರು ಹಿಟ್ಟು ತಿನ್ನೂದಿಲ್ಲೇನು ಅಂದಳಂತೆ. ಅಲ್ಲಿಗೆ ಮುಗಿಯಿತು.

ಆ ಡಿಗ್ರಿಯ ಮೇಲೆ ನನಗೆ ಎಂದೂ ಹೊಟ್ಟೆಕಿಚ್ಚು ಇರಲಿಲ್ಲ. ಉಲ್ಟಾ ಅಭಿಮಾನ. ಕಪ್ಪು ಗೌನು ಹಾಕಿಕೊಂಡ ಅವಳ ಫೋಟೋ ಗಿರಣಿಯ ತಕ್ಕಡಿಯ ಮೇಲಿನ ಗೋಡೆಗೇ ಹಾಕಿದ್ದೇನೆ. ಅದರ ಮೇಲೆ ಹಿಟ್ಟು ಕೂತಾಗೊಮ್ಮೆ ಟವೆಲ್ಲಿನಿಂದ ಒರೆಸುವವನು ನಾನೇ. ಆ ಕೆಮಿಸ್ಟ್ರಿ ನಮ್ಮ ಮನೆಯೊಳಗೆ ಎಂದೂ ಬಾಯಿ ತೆರೆಯಲಿಲ್ಲ. ಕಪಾಟಿನಲ್ಲಿಟ್ಟ ಬೆಳ್ಳಿ ಬಟ್ಟಲಿನ ಹಾಗೆ, ಇತ್ತು, ಅಷ್ಟೆ. ಬೆಳ್ಳಿ ಬಟ್ಟಲಿಗೆ ಯಾರು ಹೊಟ್ಟೆಕಿಚ್ಚು ಪಡುತ್ತಾರೆ?

ಇನ್ನೊಂದು ಮಾತು. ಮದುವೆಯಾಗಿ ಬಂದಾಗ ಅವಳಿಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ನಮ್ಮ ಕಡೆ ಒಲೆಯ ಮುಂದೆ ಕನ್ನಡ, ಕಚೇರಿಯ ತಲಾಠಿಯ ಮುಂದೆ ಮರಾಠಿ. ಅವಳಿಗೆ ಮರಾಠಿ ಕಲಿಸಿದವನು ನಾನು. ಜತ್ತದ ಸಂತೆಯಲ್ಲಿ ಬದನೆಕಾಯಿಗೆ ಏನಂತಾರೆ, ಕಂಡಕ್ಟರನಿಗೆ ಚಿಲ್ಲರೆ ಹ್ಯಾಗೆ ಕೇಳಬೇಕು, ಕಚೇರಿಯಲ್ಲಿ ಸಾಹೇಬನ ಮುಂದೆ ದನಿ ಎಷ್ಟು ಎತ್ತಬೇಕು, ಎಲ್ಲ. ಅವಳು ತಪ್ಪು ಮಾಡಿದಾಗ ನಾನು ತಿದ್ದುತ್ತಿದ್ದೆ. ಬಿ.ಎಸ್ಸಿ. ಆದವಳು ನನ್ನ ಬಾಯಿ ನೋಡುತ್ತ ಕಲಿಯುತ್ತಿದ್ದಳು. ಅವು ಚಲೋ ದಿನಗಳು.

ಮಗಳನ್ನು ಮರಾಠಿ ಸಾಲಿಗೆ ಹಾಕಿದೆವು. ಅವಳು ದೊಡ್ಡವಳಾದ ಹಾಗೆ ತಾಯಿ ಅವಳ ಪುಸ್ತಕ ಹಿಡಿಯತೊಡಗಿದಳು. ಮೊದಲು ವಿಜ್ಞಾನ ಹೇಳಿಕೊಡಲಿಕ್ಕೆ. ಆಮೇಲೆ ಒಂದು ದಿನ ನೋಡುತ್ತೇನೆ, ತಕ್ಕಡಿಯ ಪಕ್ಕ ಕೂತು ಮಗಳ ಇತಿಹಾಸದ ಪುಸ್ತಕ ಓದುತ್ತಿದ್ದಾಳೆ, ಮಗಳು ಸಾಲಿಗೆ ಹೋದ ಮೇಲೆ. ಕೆಲವು ತಿಂಗಳು ಕಳೆದ ಮೇಲೆ, ಜತ್ತದಲ್ಲಿ ರವಿವಾರದ ಕ್ಲಾಸು ಇದ್ದಾವಂತ, ಎಂ.ಎ. ಮಾಡ್ಲಾ ಎಂದು ಕೇಳಿದಳು. ಇತಿಹಾಸ. ಯಾಕ ಎಂದು ಕೇಳಿದೆ. ಸುಮ್ಮನ ಅಂದಳು. ನಾನು ಹೂಂ ಅಂದೆ. ಗಿರಣಿಯವನ ಹೆಂಡತಿ ಎಂ.ಎ. ಎಂದು ಜನ ಅಂದುಕೊಳ್ಳುವುದು ಕಿವಿಗೆ ಮೊದಲೇ ಕೇಳಿಸಿತ್ತು ನನಗೆ.

ಕಾಲೇಜಿನಲ್ಲಿ ಹೆಸರು ಹಚ್ಚುವ ದಿನ ಗುಮಾಸ್ತನಿಗೂ ಅದೇ ಪ್ರಶ್ನೆ. ಸಾಯನ್ಸ್ ಓದಿದವರು ಇತ್ತ ಯಾಕೆ ಬರುತ್ತೀರಿ, ಅತ್ತ ಹೋಗುವವರನ್ನು ನೋಡಿದ್ದೇನೆ ಎಂದ. ಅವನ ಮುಂದೆಯೂ ಅವಳು ಸುಮ್ಮನೆ ನಕ್ಕಳು, ಸೆರಗು ಹಿಡಿದು. ಆದರೆ ಮೊದಲ ಕ್ಲಾಸಿನ ದಿನ ಒಬ್ಬೊಬ್ಬರಾಗಿ ಎದ್ದು ತಮ್ಮ ಪರಿಚಯ ಹೇಳಬೇಕಾಗಿತ್ತಂತೆ. ಅವಳ ಸರದಿ ಬಂತು. ನಾನು ಬೇವಿನ ಗಿಡದ ಕೆಳಗಿಂದ ಕೇಳಿಸಿಕೊಂಡೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವು ಪ್ರಯೋಗ ಮಾಡುವ ಮೊದಲೇ ಉತ್ತರ ಎಲ್ಲರಿಗೂ ಗೊತ್ತಿರುತ್ತಿತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲದ್ದನ್ನು ಕೇಳಬಹುದು ಅನಿಸಿತು, ಅದಕ್ಕೆ ಬಂದೆ, ಎಂದಳು. ಮರಾಠಿಯಲ್ಲಿ. ತಡವರಿಸದೆ. ಸರ್ ಅದನ್ನು ಇನ್ನೊಮ್ಮೆ ಹೇಳಿಸಿದರು, ಎಲ್ಲರಿಗೂ ಕೇಳಲಿ ಎಂದು.

ನಾನು ಕೇಳಿದಾಗ ಸುಮ್ಮನ. ಸರ್ ಕೇಳಿದಾಗ ಇಷ್ಟು ಉದ್ದ.

ಸರ್ ಬಗ್ಗೆ ಕೆಟ್ಟದ್ದು ಹೇಳಬೇಕೆಂದರೆ ಏನೂ ಇಲ್ಲ, ಅದೇ ನನಗೆ ತೊಂದರೆಯಾದದ್ದು. ನನಗಿಂತ ಸಣ್ಣವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ಕಂಡರೆ “ಯಾ, ಬಸಾ” ಎಂದು ತಮ್ಮ ಕುರ್ಚಿಯನ್ನೇ ಎಳೆದು ಕೊಡುತ್ತಿದ್ದರು. ನಾನು ಕೂಡುತ್ತಿರಲಿಲ್ಲ. ಹಿಟ್ಟಿನ ಪ್ಯಾಂಟು, ಕುರ್ಚಿ ಹೊಲಸಾಗುತ್ತದೆ ಎನ್ನುತ್ತಿದ್ದೆ, ಆದರೆ ಜತ್ತಕ್ಕೆ ಹೊರಡುವ ಮುಂದೆ ನಾನೂ ತೊಳೆದ ಪ್ಯಾಂಟೇ ಹಾಕಿಕೊಳ್ಳುತ್ತಿದ್ದೆ. ವಾಪಸು ಬರುವಾಗ ಅವಳು ಹಿಂದೆ ಕೂತು, ಸರ್ ಹಿಂಗಂದ್ರು, ಸರ್ ಹಂಗಂದ್ರು. ಹೆಲ್ಮೆಟ್ಟಿನೊಳಗೆ ಸರಿಯಾಗಿ ಕೇಳಿಸದವನಂತೆ ಇರುತ್ತಿದ್ದೆ. ಮನೆಯಲ್ಲಿ ಮಗಳೂ ತಾಯಿಯೂ ಒಂದೇ ಚಾಪೆಯ ಮೇಲೆ ಓದಲು ಕೂಡುತ್ತಿದ್ದರು. ಮಗಳು ತಾಯಿಯ ಮರಾಠಿ ತಿದ್ದುತ್ತಿದ್ದಳು. ಆ ಕೆಲಸ ನನ್ನದಾಗಿತ್ತು ಮೊದಲು. ಒಂದು ಸಲ ಬಾಗಿಲಲ್ಲಿ ನಿಂತು, ಆ ಶಬ್ದ ಹಂಗಲ್ಲ, ಹಿಂಗ ಎಂದೆ. ಮಗಳು, “ಅಪ್ಪಾ, ಅದು ಸಂತಿ ಮರಾಠಿ,” ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನು ಗಿರಣಿಗೆ ಹೋಗಿ ಬೀಸಲು ಏನೂ ಇಲ್ಲದಿದ್ದರೂ ಮೋಟಾರು ಹಚ್ಚಿದೆ.

ಗಿರಣಿಗೆ ಬರುವವರು ಬಿಡುತ್ತಾರೆಯೇ. “ಮಾಲಕ್ರ, ಮನ್ಯಾಗ ಎರಡನೇ ಗಿರಣಿ ಹಚ್ಚೀರಂತ, ಅದು ಪುಸ್ತಕ ಬೀಸತೈತಂತ,” ಎಂದು ಕುರಿಯವರ ಮುದುಕನೊಬ್ಬ ಎಲ್ಲರ ಮುಂದೆ ಅಂದ. ನಗಬೇಕಾಯಿತು. ಅವನ ಸಜ್ಜೆಯನ್ನು ಸ್ವಲ್ಪ ದಪ್ಪಗೆ ಬೀಸಿ ಕಳಿಸಿದೆ.

ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕಂತೆ, ತಾವೇ ಹುಡುಕಿದ ವಿಷಯದ ಮೇಲೆ. ಉಳಿದವರು ಕೋಟೆ, ಸಂಸ್ಥಾನ, ಶಾಸನ ಎಂದು ಹಿಡಿದರು. ಇವಳು ಹಿಡಿದದ್ದು ಹಿಟ್ಟಿನ ಗಿರಣಿ. ಜತ್ತ ತಾಲೂಕಿನ ಹಳ್ಳಿಗಳಿಗೆ ಗಿರಣಿ ಬಂದ ಮೇಲೆ ಮನೆಯೊಳಗೆ ಏನು ಬದಲಾಯಿತು ಎಂಬುದು. ಕೇಳಿದಾಗ ನನಗೆ ಒಳಗೊಳಗೇ ಹಿಗ್ಗು. ಇನ್ನು ನನ್ನ ಮುಂದೆ ಕೂತು ಕೇಳುತ್ತಾಳೆ, ಅಂದುಕೊಂಡೆ. ಗಡ್ಡ ಬೋಳಿಸಿಕೊಂಡೇ ಕೂತೆ ಕೆಲವು ದಿನ.

ಅವಳು ಎಲ್ಲರನ್ನೂ ಕೇಳಿದಳು. ಓಣಿಯ ಮುದುಕಿಯರನ್ನು ಕೇಳಿದಳು. ಹತ್ತಿರದ ಊರು ದರಿಬಡಚಿಯಿಂದ ಖಾರ ಕುಟ್ಟಿಸಲು ಬಂದವರನ್ನು ಕೂಡಿಸಿ ಚಹಾ ಕೊಟ್ಟು ಕೇಳಿದಳು. ನಮ್ಮವ್ವನನ್ನಂತೂ ದಿನಾ ಮಧ್ಯಾಹ್ನ. ನಮ್ಮ ಬಚ್ಚಲದಲ್ಲಿ ಒಂದು ಬೀಸುವ ಕಲ್ಲಿದೆ, ಮಗುಚಿ ಹಾಕಿದ್ದು. ಅದರ ಮೇಲೆ ನಿಂತು ಮೈ ತೊಳೆದುಕೊಳ್ಳುತ್ತೇವೆ. ಸನಮಡಿಯಿಂದ ಬರುವಾಗ ಅವ್ವ ಅದನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಸಿದ್ದಳು. ಯಾಕ ತಂದಿ ಎಂದರೆ, “ಅಲ್ಲೇ ಬಿಟ್ಟು ಬಂದ್ರ ಮತ್ತ ಯಾವಕಿದರ ಕೈ ತಿಂತೈತಿ,” ಎಂದಿದ್ದಳು. ಆ ಕಲ್ಲು ಅಡುಗೆಮನೆಯಿಂದ ಹೊರಗೆ ಬಂದದ್ದು ಯಾವಾಗ ಎಂದು ಹೆಂಡತಿ ಕೇಳುವುದನ್ನೂ, ಇಂವ ಎಂಟನೇತ್ತಿಗಿದ್ದ ವರ್ಷ, ಜ್ವಾಳದ ಸುಗ್ಗಿ ಮುಗಿದ ಮ್ಯಾಲ ಎಂದು ಅವ್ವ ಹೇಳುವುದನ್ನೂ ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ. ಅದರಲ್ಲಿ ನನಗೇನೂ ಕಾಣಲಿಲ್ಲ. ನನ್ನನ್ನು ಬಿಟ್ಟು ಬಾಕಿ ಎಲ್ಲರನ್ನೂ ಕೇಳುತ್ತಿದ್ದಾಳೆ ಎನ್ನುವುದೊಂದೇ ಕಾಣುತ್ತಿತ್ತು. ತಾಲೂಕಿನಲ್ಲಿ ಗಿರಣಿ ಗೊತ್ತಿಲ್ಲದವನು ನಾನೊಬ್ಬನೇ ಏನು?

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿ ನಿಲ್ಲುವುದನ್ನು ಕೇಳಿದವರಿಗೆ ಗೊತ್ತು: ಬೆಲ್ಟು ತಪತಪ ಎನ್ನುತ್ತ ಸಾವಕಾಶವಾಗುತ್ತದೆ, ಕಲ್ಲು ಒಂದು ನಿಟ್ಟುಸಿರು ಬಿಡುತ್ತದೆ, ಆಮೇಲೆ ಅಷ್ಟು ಹೊತ್ತೂ ಕೇಳಿಸದೆ ಇದ್ದದ್ದೆಲ್ಲ ಒಮ್ಮೆಲೇ ಕೇಳಿಸುತ್ತದೆ. ಗೋಡೆಯ ಆಚೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಕೈಯೆಲ್ಲ ಹಿಟ್ಟಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಗೋಡೆಯ ಮಾಡದಲ್ಲಿಟ್ಟಿದ್ದಳು. ಅದರೊಳಗಿಂದ ಸರ್ ದನಿ ಸ್ಪಷ್ಟವಾಗಿ ಬಂತು: “ತುಮಚಂ ಅನುಮಾನ ಬರೋಬರ ಆಹೇ. ಪಣ ಪುರಾವಾ ಪಾಹಿಜೇ.”

ನಿಮ್ಮ ಅನುಮಾನ ಬರೋಬರಿ ಐತಿ, ಆದ್ರ ಪುರಾವೆ ಬೇಕು.

ಹೆಂಡತಿ ಸಣ್ಣ ದನಿಯಲ್ಲಿ ಹೇಳಿದಳು, ಅದೂ ಮರಾಠಿಯಲ್ಲೇ: ಮನೆಯವರನ್ನು ನೇರ ಕೇಳಲು ಬರುವುದಿಲ್ಲ ಸರ್, ಅವರು ಭಾಳ ಅಭಿಮಾನಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಸರ್ ಅಂದರು: ಹಾಗಾದರೆ ಸನಮಡಿಗೆ ಹೋಗಿ ಅವರನ್ನು ಬಲ್ಲವರನ್ನು ಕೇಳಿರಿ.

ನನ್ನ ಕೈಯಲ್ಲಿ ಯಾರದೋ ಅರ್ಧ ಬೀಸಿದ ಜೋಳದ ಡಬ್ಬಿ ಇತ್ತು. ಅದನ್ನು ಹಾಗೇ ಹಿಡಿದುಕೊಂಡು ನಿಂತೆ. ನನ್ನ ಹೆಂಡತಿಗೆ ನನ್ನ ಮೇಲೆ ಅನುಮಾನ. ಅದನ್ನು ಆ ಇಸ್ತ್ರಿ ಅಂಗಿಯವನ ಮುಂದೆ ಹೇಳಿಕೊಂಡಿದ್ದಾಳೆ. ಅವನು ಅದು ಖರೆ ಅಂದಿದ್ದಾನೆ, ಪುರಾವೆ ಹುಡುಕಲು ದಾರಿಯನ್ನೂ ತೋರಿಸಿದ್ದಾನೆ. ಅವಳು ಮೊದಲು ಏನೇ ಇದ್ದರೂ ನನಗೆ ಹೇಳುತ್ತಿದ್ದಳು; ಕನಸು ಬಿದ್ದರೂ ಎದ್ದ ಕೂಡಲೇ ಹೇಳುತ್ತಿದ್ದಳು. ಈಗ ನನ್ನ ಮೇಲಿನ ಅನುಮಾನವೂ ಮೊದಲು ಅವನಿಗೆ.

ಆಮೇಲಿನ ದಿನಗಳನ್ನು ಹೇಗೆ ತೆಗೆದೆನೋ. ಯಾವ ಅನುಮಾನ ಇರಬಹುದು ಎಂದು ನನ್ನ ಬದುಕನ್ನೆಲ್ಲ ಜರಡಿ ಹಿಡಿದೆ. ಮಸಾಲಿ ಮಾರುವ ಹೆಣ್ಣುಮಗಳೊಬ್ಬಳು ಖಾರ ಕುಟ್ಟಿಸಲು ಬಂದಾಗ ನಗುತ್ತ ಮಾತಾಡುತ್ತೇನೆ, ನಿಜ. ಆಕೆ ಎಲ್ಲರ ಜೊತೆಗೂ ನಗುತ್ತಾಳೆ, ಮತ್ತು ಆಕೆಯ ಮೆಣಸಿನಕಾಯಿ ಘಾಟಿಗೆ ನಾನು ಸೀನುತ್ತಲೇ ಇರುತ್ತೇನೆ. ಸಾಂಗಲಿಗೆ ಬೆಲ್ಟು ತರಲು ಹೋದಾಗ ಒಮ್ಮೆ ಉಳಿದದ್ದುಂಟು, ಬಸ್ಸು ತಪ್ಪಿ. ಹುಡುಕಿ ಹುಡುಕಿ ಸಾಕಾಯಿತು. ಹೆಂಡತಿ ಅನುಮಾನಪಡುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. ಅದು ಸಮಾಧಾನ ಕೊಡಲಿಲ್ಲ, ಇನ್ನೂ ಸಿಟ್ಟು ತಂದಿತು. ಇಷ್ಟು ನೆಟ್ಟಗೆ ಬದುಕಿದವನ ಮೇಲೆ.

ಮುಂದಿನ ವಾರ ಅವಳು, ಸನಮಡಿಗೆ ಒಯ್ತೀರೇನ್ರಿ, ನಿಮ್ಮ ಹಳೇ ಮಾಲಕರನ್ನ ಮಾತಾಡಸಬೇಕಾಗೇತಿ ಎಂದು ಕೇಳಿದಳು. ಒಯ್ದೆ. ಒಯ್ಯದಿದ್ದರೆ ಅದೂ ಒಂದು ಪುರಾವೆ ಆಗುತ್ತದೆ ಎಂದು ಒಯ್ದೆ.

ಹಳೇ ಮಾಲಕರಿಗೆ ಈಗ ಭಾಳ ವಯಸ್ಸು. ಗಿರಣಿ ಮುಚ್ಚಿ ಅಲ್ಲಿ ಮೊಮ್ಮಗ ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ. ಇವಳನ್ನು ಕಂಡವರೇ ಅವರು ಎದ್ದು ನಿಂತರು. “ಬರ್ರಿ ಬಾಯಾರ, ಇಲ್ಲಿ ಫ್ಯಾನಿನ ಕೆಳಗ ಕುಂದ್ರಿ,” ಎಂದರು. ಅವರ ಕೈಯಲ್ಲಿ ಹುಡುಗನಾಗಿ ಇದ್ದು ಮೀಸೆ ಬರುವ ತನಕ ದುಡಿದೆ, ಕುಂದ್ರು ಎಂಬ ಮಾತು ಒಮ್ಮೆಯೂ ಅವರ ಬಾಯಿಂದ ಕೇಳಿದವನಲ್ಲ. ಆ ದಿನವೂ ನನಗೆ ಹೇಳಲಿಲ್ಲ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಅಷ್ಟೆ. ನಾನು ಹೊರಗೆ ಸಿಮೆಂಟಿನ ಚೀಲಗಳ ಪಕ್ಕ ನಿಂತೆ. ಒಳಗೆ ಅವಳು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು, ಮೊಮ್ಮಗ ಚಹಾ ಒಯ್ದ. ಒಂದು ಮಾತೂ ನನಗೆ ಕೇಳಿಸಲಿಲ್ಲ. ಹೊರಗೆ ಬಂದಾಗ ಅವಳ ಮುಖ ಬೇರೆಯಾಗಿತ್ತು. ನನ್ನನ್ನು ನೋಡಿ ಲಗೂನ ಬೇರೆ ಕಡೆ ನೋಡಿದಳು.

ಜತ್ತ ದಾಟಿ ದರಿಬಡಚಿಯ ಸಮೀಪ ಬರುವ ತನಕ ಸರ್ ಹಿಂಗಂದ್ರು ಎಂಬುದು ಕೂಡ ಇಲ್ಲ. ಒಂದು ಜಾಲಿ ಗಿಡದ ಹತ್ತಿರ ಗಾಡಿ ನಿಲ್ಲಿಸಿದೆ. ಎಡಕ್ಕೆ ಬರೀ ಕಲ್ಲುಹೊಲ, ದೂರದಲ್ಲಿ ಕುರಿ. ಹೆಲ್ಮೆಟ್ಟು ತೆಗೆದು ಟ್ಯಾಂಕಿನ ಮೇಲಿಟ್ಟೆ.

“ಸಿಕ್ಕಿತೇನು ಪುರಾವೆ?” ಎಂದೆ.

ಅವಳು ಬೆಚ್ಚಿ ನೋಡಿದಳು.

“ನಿನಗ ನನ್ನ ಮ್ಯಾಲ ಅನುಮಾನ ಐತಿ. ನಿಮ್ಮ ಸರ್‌ನೂ ಬರೋಬರಿ ಅಂದಾನ. ನಾ ನನ್ನ ಕಿವಿಲೇ ಕೇಳೇನಿ. ಊರೂರು ತಿರಗಿ ಹುಡಕೂಕಿಂತ ನನ್ನನ್ನ ಕೇಳು. ಯಾವಕಿ ಅಂತಿ?”

ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಗತೊಡಗಿದಳು. ತಲೆ ಹಿಂದಕ್ಕೆ ಹಾಕಿ, ಹಲ್ಲು ಕಾಣುವಂತೆ, ಕಾಲೇಜಿನ ಕಿಟಕಿಯಲ್ಲಿ ನಕ್ಕ ಹಾಗೆಯೇ. ನಗು ತಡೆಯಲಾರದೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಇಷ್ಟು ವರ್ಷ ಕಾದ ನಗು, ಬಂದದ್ದು ನನ್ನ ಮೇಲೆಯೇ.

“ಅಯ್ಯ, ಅದು ಮರಾಠಿ ಅನುಮಾನರಿ,” ಎಂದಳು. “ನಮ್ಮ ಅನುಮಾನ ಅಲ್ಲ. ನಮ್ಮ ಅನುಮಾನಕ್ಕ ಅವರು ಸಂಶಯ ಅಂತಾರ, ನೀವ ಕಲಿಸಿದ್ದು.”

ಹೌದು, ಸಂಶಯ. ಸಂತೆಯಲ್ಲಿ ಸದಾ ಕೇಳುವ ಶಬ್ದ. ಅನುಮಾನ ಎಂಬುದನ್ನು ನಾನು ಮರಾಠಿಯಲ್ಲಿ ಎಂದೂ ಕೇಳಿರಲಿಲ್ಲ. ಅದಕ್ಕೇ ಕನ್ನಡದ್ದೇ ಎಂದುಕೊಂಡೆ. ಹಾಗಾದರೆ ಮರಾಠಿಯಲ್ಲಿ ಏನು ಎಂದು ಕೇಳಿದೆ. ನನ್ನ ಹೆಂಡತಿಯ ಹತ್ತಿರ ಮರಾಠಿ ಶಬ್ದದ ಅರ್ಥ ಕೇಳಿದ್ದು ಅದೇ ಮೊದಲು.

“ಕಣ್ಣಿಗಿ ಕಾಣದ್ದನ್ನ ಕಂಡದ್ದರ ಮ್ಯಾಲಿಂದ ತಿಳಕೊಳ್ಳೂದು. ಅಂಗಳದಾಗ ಹಿಟ್ಟಿನ ಹೆಜ್ಜಿ ಮೂಡಿರತಾವಲ್ಲ, ಅದನ್ನ ನೋಡಿ ನೀವು ಬಂದು ಹೋಗೀರಿ ಅಂತ ನಾ ತಿಳಕೊಳ್ಳತೀನಿ. ಅದು ಅನುಮಾನ.”

ನನಗೂ ನಗು ಬರಬೇಕಾಗಿತ್ತು. ಬರಲಿಲ್ಲ. ಯಾಕೆಂದರೆ ಅವಳ ನಗು ಅಷ್ಟರಲ್ಲಿ ನಿಂತಿತ್ತು. ಹಂಗಾರ ನನ್ನ ಹೆಜ್ಜಿ ನೋಡಿ ಏನು ತಿಳಕೊಂಡಿ ಎಂದೆ.

ಅವಳು ಹೇಳಿದಳು, ನಿಲ್ಲಿಸಿ ನಿಲ್ಲಿಸಿ. ಗಿರಣಿ ಬಂದು ಹೆಂಗಸರ ಕೈ ಬಿಡುಗಡೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ಮುದುಕಿಯರೂ ಅದನ್ನೇ ಹೇಳಿದರು. ಆದರೆ ಕೂಲಿ ಮಾಡುವ ಮನೆಗಳಲ್ಲಿ ಬೀಸಿಸುವುದು ಹೇಗೆ ನಡೆಯಿತು ಎಂದು ಕೇಳಿದರೆ, ಒಂದೊಂದು ಮನೆಯಿಂದ ಒಬ್ಬ ಹುಡುಗ ಗಿರಣಿಗೆ ಹೋದ ಎಂದು ಬರುತ್ತದೆ. ಅವನ ದುಡಿತದ ಬದಲಿಗೆ ಮನೆಯ ಹಿಟ್ಟು. ನಮ್ಮ ಮನೆಯಲ್ಲಿ ಕಲ್ಲು ಅಡುಗೆಮನೆಯಿಂದ ಹೊರಬಿದ್ದ ವರ್ಷ ಮತ್ತು ನೀವು ಸಾಲಿ ಬಿಟ್ಟ ವರ್ಷ ಒಂದೇ. ಮಾಸ್ತರರು ಕೋಲು ಎತ್ತಿದ್ದು ಕಾರಣ ಅಲ್ಲ ಅನಿಸಿತು. ನಿಮ್ಮನ್ನು ಕೇಳಲು ಧೈರ್ಯ ಬರಲಿಲ್ಲ.

ಮಾಲಕ ಏನಂದ, ಎಂದೆ.

ಅವಳು ನೆಲ ನೋಡುತ್ತ ಹೇಳಿದಳು. “ಅವರಪ್ಪ ಹುಡುಗನ್ನ ತಂದು ಬಿಟ್ಟ, ನಾ ಪಾಪ ಅಂತ ಇಟಗೊಂಡೆ. ಅವ್ವನ ಜ್ವಾಳ ಪುಕ್ಕಟ ಬೀಸಿ ಕೊಡತಿದ್ದೆ. ಹುಡುಗ ಮೊದಲ ಮೊದಲ ಸಾಲಿ ಗಂಟಿ ಕೇಳಿ ಅಳತಿದ್ದ, ಅಂದರು.”

ಗಾಡಿ ಒದ್ದು ಶುರುಮಾಡಿದೆ. ಹತ್ತು ಎಂದೂ ಹೇಳಲಿಲ್ಲ, ಅವಳು ತಾನೇ ಬಂದು ಹತ್ತಿದಳು. 

ಆಗಿನ ನನ್ನ ಸಿಟ್ಟು ಯಾರ ಮೇಲೆ ಎಂದು ಹೇಳುವುದು ಕಷ್ಟ. ಹೆಂಡತಿ ನನ್ನ ಮಾತನ್ನು, ಊರೆಲ್ಲ ನಗುತ್ತ ಒಪ್ಪಿಕೊಂಡ ಮಾತನ್ನು, ಒಳಗೊಳಗೇ ಬಿಚ್ಚಿ ನೋಡಿದ್ದಳು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಆ ಮುದುಕನ ಮೇಲೆ. ಪಾಪ ಅಂತ ಇಟಗೊಂಡೆ. ಪುಕ್ಕಟ. ಅವ್ವನ ಜೋಳ ಪುಕ್ಕಟೆ ಬೀಸಿದ್ದಲ್ಲ ಅವನು, ಬೀಸಿದವನು ನಾನು. ಮತ್ತು ಆ ಮಾತು ನನ್ನ ಹೆಂಡತಿಯ ಪ್ರಬಂಧದಲ್ಲಿ ಕೂಡುತ್ತದೆ. ಅವಳು ಅದನ್ನು ಮರಾಠಿಯಲ್ಲಿ ಚೆಂದಗೆ ಬರೆಯುತ್ತಾಳೆ, ಸರ್ ಓದುತ್ತಾರೆ. ನನ್ನ ಹುಡುಗತನದ ಬಗ್ಗೆ ನನ್ನ ಹೆಂಡತಿಯ ಪುಸ್ತಕದಲ್ಲಿ ಆ ಮುದುಕನ ಮಾತು ಉಳಿಯುತ್ತದೆ, ನನ್ನದು ಒಂದೂ ಇರುವುದಿಲ್ಲ. ಫ್ಯಾನಿನ ಕೆಳಗೆ ಕೂತು ಅವನು ಹೇಳಿದ್ದೇ ಇತಿಹಾಸ, ಹೊರಗೆ ಸಿಮೆಂಟಿನ ಪಕ್ಕ ನಿಂತವನು ಯಾರೂ ಅಲ್ಲ.

ಮರುದಿನ ಕರೆಂಟು ಇಲ್ಲದ ಹೊತ್ತು ನೋಡಿ ಕೈಕಾಲು ತೊಳೆದುಕೊಂಡು ಒಳಗೆ ಹೋದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಅವ್ವ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಹೆಂಡತಿಯ ಎದುರಿಗೆ ಚಾಪೆಯ ಮೇಲೆ ಕೂತೆ.

“ಬರಕೋ,” ಎಂದೆ. “ಎಲ್ಲಾರನೂ ಕೇಳೀದಿ. ನನ್ನನ್ನೂ ಕೇಳು.”

ಜೋಳದ ಮೊರ ಪಕ್ಕಕ್ಕಿಟ್ಟು, ಕೈ ಜಾಡಿಸಿ, ಫೋನು ನಮ್ಮಿಬ್ಬರ ನಡುವೆ ಇಟ್ಟು ರೆಕಾರ್ಡಿಗೆ ಹಾಕಿದಳು. ಆಮೇಲೆ ನೆಟ್ಟಗೆ ಕೂತಳು. ಆ ಮುದುಕಿಯರನ್ನು, ದರಿಬಡಚಿಯವರನ್ನು ಕೇಳುವಾಗ ಕೂಡುತ್ತಿದ್ದ ಹಾಗೆಯೇ. ದನಿಯೂ ಅದೇ, ಮರ್ಯಾದೆಯ ದನಿ, ನನಗೆ ಎಂದೂ ಸಿಗದಿದ್ದದ್ದು. “ನೀವು ಸಾಲಿ ಯಾಕ ಬಿಟ್ರಿ?”

ಮಾಸ್ತರ ಕೋಲು ಎತ್ತಿದ ಎಂಬ ಮಾತು ಬಾಯಿಯ ತುದಿಗೇ ಬಂದಿತ್ತು. ಅಭ್ಯಾಸ. ಆದರೆ ಅವಳು ಆ ಮಾತಿಗೆ ಕಾಯುತ್ತಿರಲಿಲ್ಲ, ಮುಂದಿನದಕ್ಕೆ ಕಾಯುತ್ತಿದ್ದಳು.

ಹೇಳಿದೆ. ಅಪ್ಪ ಮೊದಲು ಸಂಜೆಯಷ್ಟೇ ಎಂದು ಬಿಟ್ಟಿದ್ದ. ಸಾಲಿ ಮುಗಿದ ಮೇಲೆ ಗಿರಣಿ ಗುಡಿಸುವುದು. ಆಮೇಲೆ ಸುಗ್ಗಿಯಲ್ಲಿ ಬೆಳಿಗ್ಗೆಯೂ ಮಂದಿ ಬರತೊಡಗಿತು. ಸಾಲಿ ಬಿಡು ಎಂದು ಯಾರೂ ಹೇಳಲಿಲ್ಲ. ಪಾಟಿಚೀಲ ಗೂಟದ ಮೇಲೆ ಹಾಗೇ ಉಳಿಯಿತು. ಗಂಟೆ ಕೇಳಿ ಅತ್ತದ್ದು ಹೌದು, ಮುದುಕ ಸುಳ್ಳು ಹೇಳಿಲ್ಲ. ಮತ್ತೆ ಸಾಲಿಗೆ ಹೋಗಬೇಕೆಂದು ಒಂದು ದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡದ್ದೂ ಹೌದು. ಹೊರಡುವ ಮುಂದೆ ಅವ್ವನಿಗೆ ಹೇಳಬೇಕೆಂದು ಒಳಗೆ ಹೋದೆ. ಅವ್ವ ಮಲಗಿದ್ದಳು. ಬಿಸಿಲು ಬೆಳಕಿಂಡಿಯಿಂದ ಇಳಿದು ಅವಳ ಮುಖದ ಮೇಲೆ ಬಿದ್ದಿತ್ತು. ಹುಟ್ಟಿದಾಗಿನಿಂದ ಅಲ್ಲಿಯ ತನಕ ಬೆಳಕಿನಲ್ಲಿ ಮಲಗಿದ ಅವ್ವನನ್ನು ನಾನು ನೋಡಿರಲಿಲ್ಲ. ನಾನು ಏಳುವ ಹೊತ್ತಿಗೆ ಆ ಕಲ್ಲು ತಿರುಗುತ್ತಿರುತ್ತಿತ್ತು. ಜಡ್ಡು ಬಂದಿದೆಯೋ ಎಂದು ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ಬೆಚ್ಚಗೆ ಬರುತ್ತಿತ್ತು. ಅವಳ ಅಂಗೈ ನೋಡಿದೆ, ಬೀಸಿ ಬೀಸಿ ಎದ್ದಿದ್ದ ಗುಳ್ಳೆ ಒಣಗಿತ್ತು. ಚೀಲ ಗೂಟಕ್ಕೆ ಹಾಕಿ ಗಿರಣಿಗೆ ಹೋದೆ.

“ನಾನ ಬಿಟ್ಟಿದ್ದು,” ಎಂದೆ. “ಅದನ್ನ ಬರಕೋ. ಅಪ್ಪನೂ ಬಿಡಸಲಿಲ್ಲ, ಮಾಲಕನೂ ಇಟಗೊಳ್ಳಲಿಲ್ಲ.”

ಅವಳು ಅಳಲಿಲ್ಲ. “ಮುಂದ?” ಎಂದಳು, ಯಾವ ಮುದುಕಿಗಾದರೂ ಕೇಳುವ ಹಾಗೆ. ನಾನು ಮುಂದಿನದನ್ನು ಹೇಳಿದೆ.

ಕೆಲವು ದಿನಗಳ ನಂತರ ಅದನ್ನು ಮರಾಠಿಯಲ್ಲಿ ಬರೆದು ಮುಗಿಸಿ, ಮಧ್ಯಾಹ್ನ ಗಿರಣಿಗೆ ಬಂದಳು. ಗಿರಾಕಿ ಯಾರೂ ಇರಲಿಲ್ಲ. ತಕ್ಕಡಿಯ ಪಕ್ಕ ಕೂತು ಓದಿದಳು. ಎಲ್ಲ ಶಬ್ದ ನನಗೆ ತಿಳಿಯಲಿಲ್ಲ. ಆದರೆ ಅವ್ವನ ಮುಖದ ಮೇಲಿನ ಬಿಸಿಲು ತಿಳಿಯಿತು, ಮೂಗಿನ ಹತ್ತಿರ ಹಿಡಿದ ಕೈ ತಿಳಿಯಿತು. ಆ ಹುಡುಗನ ಬಗ್ಗೆ ಓದುವಾಗ ಅವಳ ದನಿ ಎಷ್ಟು ಮೆತ್ತಗಾಯಿತೆಂದರೆ, ನನಗೆ ಅವನ ಮೇಲೆಯೂ ಹೊಟ್ಟೆಕಿಚ್ಚಾಯಿತು. ನನ್ನ ಜೊತೆ ಮಾತಾಡುವಾಗ ಅವಳ ದನಿ ಹಾಗೆ ಆಗುವುದಿಲ್ಲ. ಚೀಲ ಗೂಟಕ್ಕೆ ಹಾಕಿ ಹೋದ ಆ ಪೋರ ಏನು ಮಾಡಿದ ಅಂಥದ್ದು? ಗಿರಣಿ ಕಟ್ಟಿದವನು ನಾನು.

“ತಪ್ಪೇನರ ಐತೇನ್ರಿ?” ಎಂದು ಕೇಳಿದಳು.

ಇಲ್ಲ ಎಂದೆ. ಅನುಮಾನ ಎಂಬ ಶಬ್ದ ಅದರಲ್ಲಿ ಎಲ್ಲಿದೆ ಎಂದು ಕೇಳಿದೆ. ಬೆರಳಿಟ್ಟು ತೋರಿಸಿದಳು. ಅದರ ಕೆಳಗೆ ನನ್ನ ಮಾತು ಇತ್ತು. ಮಾಲಕನ ಮಾತು ಅದಕ್ಕೂ ಕೆಳಗೆ, ಸಣ್ಣದಾಗಿ. ಅಷ್ಟು ನೋಡಿಕೊಂಡೆ.

ಅವಳು ಫೋನು ತೆಗೆದಳು, ಹಾಳೆಗಳ ಫೋಟೋ ಹೊಡೆದು ಸರ್‌ಗೆ ಕಳಿಸಲು.

“ಇವತ್ತ ಬ್ಯಾಡ,” ಎಂದೆ. “ನಾಳಿ ಕಳಸು.”

ಯಾಕ ಎಂದು ಕೇಳಲಿಲ್ಲ ಅವಳು. ನನ್ನ ಮುಖ ನೋಡಿದಳು, ಏನು ತಿಳಿದುಕೊಂಡಳೋ. ಹಾಳೆಗಳನ್ನು ಮಡಚಿ ಗೋಡೆಯ ಮೇಲಿನ ತನ್ನ ಗೌನಿನ ಫೋಟೋದ ಹಿಂದೆ ಸಿಗಿಸಿ, ರೊಟ್ಟಿಗೆ ಹೊತ್ತಾಯಿತು ಎಂದು ಒಳಗೆ ಹೋದಳು. ಅಂಗಳದಲ್ಲಿ ಅವಳ ಹೆಜ್ಜೆ ಬೆಳ್ಳಗೆ ಮೂಡಿತ್ತು. ಕರೆಂಟು ಬಂತು, ನಾನು ಮೋಟಾರು ಹಚ್ಚಿದೆ.